ವಿಯೆಟ್ನಾಮಿನಲ್ಲಿ ಉಪವಾಸ

ಕಳೆದ ತಿಂಗಳು ಮೆಟ್ರಿಯಿಂದ ನನ್ನ ತಂಗಿ ಬಂದಿದ್ದಳು. ಅವಳಿಗೆ ವಿರೂಪಾಕ್ಷನ ದರ್ಶನ ಮಾಡಿಸಿ, ಬಜಾರಿನ ಕಲ್ಲುಮಂಟಪಗಳ ನೆರಳಿನಲ್ಲಿ ಅಷ್ಟು ದೂರ ನಡೆಸಿದ ಮೇಲೆ ಇಬ್ಬರ ಮಂಡಿಯೂ ಮಾತಾಡತೊಡಗಿತು. ಹಂಪಿಯ ಒಂದು ಗೆಸ್ಟ್ ಹೌಸಿನ ಮಹಡಿಯಲ್ಲಿ, ವಿದೇಶದವರು ಕಾಲು ಚಾಚಿ ಕೂರುವ ಹೋಟೆಲಿಗೆ ಹತ್ತಿದೆವು. ಪಕ್ಕದ ಮೇಜಿಗೆ ಗಾಜಿನ ಲೋಟದಲ್ಲಿ ಏನೋ ತಂದಿಟ್ಟರು. ಮಜ್ಜಿಗೆಹುಲ್ಲು ಕುದಿಸಿದ ಚಹಾ. ವಾಸನೆ ನನ್ನ ಮೂಗಿಗೆ ಬಡಿಯಿತು.

“ಏನ್ ಘಮ ಐತಿ ಅಕ್ಕಾ, ನಾವೂ ತರ್ಸೂಣು” ಎಂದಳು ತಂಗಿ.

“ಬ್ಯಾಡ” ಎಂದೆ. ಅಷ್ಟು ಜೋರಾಗಿ ಅಂದೆನೆಂದು ಕಾಣುತ್ತದೆ, ಚಹಾ ಕುಡಿಯುತ್ತಿದ್ದ ಬಿಳಿಯ ಹೆಂಗಸು ತಿರುಗಿ ನೋಡಿದಳು.

ತಂಗಿ ಸುಮ್ಮನಿರುವವಳಲ್ಲ. “ನೀ ಬಿಡವಾ, ಫಾರಿನ್ ನೋಡಿ ಬಂದಾಕಿ. ನಮ್ಮಂಥೋರ ಚಾ ನಿನಗ ಎಲ್ಲಿ ಹಿಡಸ್ತೈತಿ” ಎಂದು ಚುಚ್ಚಿದಳು. ಹೌದು, ನಾನು ಫಾರಿನ್ ನೋಡಿ ಬಂದವಳು. ಒಂದೇ ದೇಶ, ಐದು ಊರು, ಇಪ್ಪತ್ತಕ್ಕೂ ಹೆಚ್ಚು ದಿನ. ನಮ್ಮ ಕಂಪ್ಲಿ ಓಣಿಯಲ್ಲಿ ನನ್ನನ್ನು ಬಿಟ್ಟರೆ ಅಷ್ಟು ನೋಡಿದ ಹೆಂಗಸಿಲ್ಲ. ಏನು ನೋಡಿದೆ ಎಂದು ಮಾತ್ರ ಯಾರಿಗೂ ಸರಿಯಾಗಿ ಹೇಳಿಲ್ಲ.

ನಾವು ಹೋದ ವರ್ಷ ಡ್ಯಾಮಿನಲ್ಲಿ ನೀರು ಸಾಲದೆ ಎರಡನೇ ಬೆಳೆ ಆಗಲಿಲ್ಲ. ಬೆಳೆ ಇಲ್ಲ ಅಂದರೆ ಭತ್ತ ಇಲ್ಲ, ಭತ್ತ ಇಲ್ಲ ಅಂದರೆ ನಮ್ಮ ರೈಸ್ ಮಿಲ್ಲಿಗೆ ಉಸಿರಿಲ್ಲ. ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೇ ಗಿರಣಿ ಸದ್ದು ನಿಂತು, ಮನೆಯಲ್ಲಿ ನಮ್ಮ ನಮ್ಮ ಮಾತು ನಮಗೇ ಕೇಳತೊಡಗಿತು. ಅದು ಒಳ್ಳೆಯದಲ್ಲ. ನಮ್ಮ ಮಗ ವೀರೇಶ ಕೈಕಟ್ಟಿ ಕೂರಲಾರದವನು. ಸಂಡೂರಿನ ನಮ್ಮ ಬೀಗರು, ಅಂದರೆ ಅವನ ಮಾವ ರುದ್ರಗೌಡರು, ಅದಿರು ಸಾಗಿಸುವ ಲಾರಿಗಳ ಮಾಲೀಕರು. ಅವರು ಒಂದು ದಿನ ಬಂದು, “ವಿಯೆಟ್ನಾಮಿಗೆ ಹೋಗಿ ಬರೂಣ ನಡೀರಿ, ಎಲ್ಲಾರೂ ಹೊಂಟಾರ. ಮಸ್ತ್ ಐತಂತ” ಎಂದರು. ಬೀಗತಿಗೆ ಆಪರೇಶನ್ ಆಗಿತ್ತು, ಅವರು ಬರುವಂತಿರಲಿಲ್ಲ. ಬೀಗರು, ಮಗ, ಸೊಸೆ ಸುಮಾ, ನಾನು, ನಮ್ಮ ಮನೆಯವರು, ಹೀಗೆ ಐದು ಜನ ಹೊರಟೆವು. ನಾನು ವಾರಗಟ್ಟಲೆ ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಒಂದು ಪೆಟ್ಟಿಗೆಯನ್ನು ಅದಕ್ಕೇ ಮೀಸಲಿಟ್ಟೆ.

ನಮ್ಮ ಮನೆಯವರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಎಪ್ಪತ್ತು ದಾಟಿದವರು. ಎಂಟನೇ ವಯಸ್ಸಿಗೆ ನಮ್ಮ ಮಠದ ಅಯ್ಯನವರ ಕೈಯಿಂದ ಇಷ್ಟಲಿಂಗ ಕಟ್ಟಿಸಿಕೊಂಡು, ಅಂದಿನಿಂದ ಮೈಮೇಲಿಂದ ತೆಗೆದವರಲ್ಲ. ಬೆಳ್ಳಿ ಕರಡಿಗೆಯಲ್ಲಿ ಎದೆಯ ಮೇಲೆ ತೂಗಾಡುತ್ತಲೇ ಇರಬೇಕು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ಏನೂ ಹಾಕುವುದಿಲ್ಲ. ಜ್ವರ ಬಂದಾಗಲೂ ಇಲ್ಲ, ಗಿರಣಿಗೆ ಬೆಂಕಿ ಬಿದ್ದ ದಿನವೂ ಇಲ್ಲ. ಅವರ ಊಟವಾಗದೆ ನಾನು ಉಣ್ಣುವುದಿಲ್ಲ. ಮದುವೆಯಾದ ವರ್ಷ ನಮ್ಮತ್ತೆ ಕಲಿಸಿದ ಪಾಠ, ಮತ್ತೆ ಯಾರೂ ಬಿಡಿಸಲಿಲ್ಲ. ನನ್ನ ಲಿಂಗ ಬಟ್ಟೆಯ ಚೀಲದಲ್ಲಿ ಕೊರಳಲ್ಲೇ ಇರುತ್ತದೆ. ಮಗನದು ಮನೆಯ ದೇವರ ಜಗಲಿ ಮೇಲೆ, ಬೀಗರದು ಸಂಡೂರಿನ ಜಗಲಿ ಮೇಲೆ. ಎರಡೂ ಸುಖವಾಗಿದ್ದವು.

ಹನೋಯ್ ಊರಿನಲ್ಲಿ ನಾವಿದ್ದ ನಾಲ್ಕು ದಿನವೂ ಜಿಟಿಜಿಟಿ ಮಳೆ. ಮೋಡ ತಲೆಗೆ ತಾಗುವಷ್ಟು ಕೆಳಗೆ ಇತ್ತು. ಊರ ನಡುವೆ ಕೆರೆ, ಅದರ ಸುತ್ತ ಇರುವೆ ಸಾಲಿನಂತೆ ಸ್ಕೂಟರುಗಳು. ಫುಟ್‌ಪಾತಿನ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಇಡೀ ಊರೇ ಬಟ್ಟಲು ಹಿಡಿದು ಉಣ್ಣುತ್ತ ಕೂತಿರುತ್ತದೆ. ನಮ್ಮ ಮನೆಯವರಿಗೆ ಭಾಳ ಖುಷಿಯಾಗಿತ್ತು. ಊರ ಹೊರಗೆ ಬಸ್ಸಿನ ಕಿಟಕಿಯಿಂದ ನಾಟಿ ಗದ್ದೆ ಕಂಡರೆ, “ಇದು ನೋಡು, ನಮ್ಮ ಕಾಲುವಿ ಕೆಳಗಿನ ಭೂಮಿ ಇದ್ದಂಗ ಐತಿ. ಯಾವ ತಳಿ ಕೇಳಲೇ ಆ ಹುಡುಗಿನ್ನ” ಎಂದು ಮಗನನ್ನು ಪೀಡಿಸುತ್ತಿದ್ದರು. ಆ ಹುಡುಗಿ ಅಂದರೆ ನಮ್ಮ ಗೈಡ್, ಲಾನ್ ಎಂದು ಹೆಸರು. ಅವಳ ಇಂಗ್ಲಿಷು ನನ್ನದರಷ್ಟೇ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಐದನೇ ದಿನ ಬೆಳಿಗ್ಗೆ ಪೂಜೆ, ರೊಟ್ಟಿ ಎಲ್ಲ ಮುಗಿಸಿ ಡನಾಂಗ್ ಎಂಬ ಊರಿಗೆ ವಿಮಾನ. ಬೆಂಗಳೂರಿನ ತಪಾಸಣೆಯಲ್ಲಿ “ಲಿಂಗ” ಅಂದದ್ದಕ್ಕೆ ಅಲ್ಲಿನವರು ಕೈಮುಗಿದು ಬಿಟ್ಟಿದ್ದರು. ಹನೋಯ್‌ನಲ್ಲಿ ಯೂನಿಫಾರ್ಮಿನ ಹುಡುಗಿ ನಮ್ಮ ಮನೆಯವರ ಎದೆಯನ್ನೂ ಟ್ರೇಯನ್ನೂ ಬೆರಳಿಂದ ತೋರಿಸಿದಳು. ಇವರು ತಲೆ ಅಲ್ಲಾಡಿಸಿದರು. ಅವಳು ಮತ್ತೆ ತೋರಿಸಿದಳು. ಹಿಂದೆ ಸಾಲು ಬೆಳೆಯಿತು. ವೀರೇಶ ಆಚೆ ಕಡೆಯಿಂದ ಕೂಗಿದ: “ಅಪ್ಪಾ, ತೆಗದು ಇಡು. ಎಲ್ಲಾರೂ ನೋಡಾಕತ್ಯಾರ. ಜಲ್ದಿ!”

ಅರವತ್ತು ವರ್ಷಕ್ಕೂ ಮೇಲೆ ತೆಗೆಯದಿದ್ದ ದಾರವನ್ನು ಕೊರಳಿಂದ ತೆಗೆಯುವಾಗ ಅವರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ಕಣ್ಣಿಗೊತ್ತಿಕೊಂಡು, ಟ್ರೇಯಲ್ಲಿ ಇಟ್ಟರು. ಅವರನ್ನು ಪಕ್ಕಕ್ಕೆ ನಿಲ್ಲಿಸಿ ಮೈಯೆಲ್ಲ ತಡವಿದರು. ನನ್ನನ್ನು ಯಾರೂ ಕೇಳಲಿಲ್ಲ, ಬಟ್ಟೆಯ ಚೀಲವಲ್ಲವೇ. ಆಚೆ ಬಂದು ಬೆಲ್ಟು, ಚಪ್ಪಲಿ, ಕನ್ನಡಕ ಹುಡುಕುವಷ್ಟರಲ್ಲಿ ವೀರೇಶ, “ಗೇಟ್ ಬಂದ್ ಆಕ್ಕೈತಿ” ಎಂದು ತೋಳು ಹಿಡಿದು ಓಡಿಸಿದ. ವಿಮಾನ ಮೇಲೇರಿದಾಗ ಇವರು ಎದೆ ಮೇಲೆ ಕೈ ಇಟ್ಟುಕೊಂಡರು. ಹಾಗೆ ಇಟ್ಟ ಕೈಯನ್ನು ಡನಾಂಗ್ ಬರುವವರೆಗೂ ತೆಗೆಯಲಿಲ್ಲ. ಕರಡಿಗೆ ಹನೋಯಿಯ ಟ್ರೇಯಲ್ಲೇ ಉಳಿದಿತ್ತು.

ಇಳಿದ ಕೂಡಲೇ, ಜೊತೆಗೇ ಬಂದಿದ್ದ ಲಾನ್ ಹನೋಯಿಯ ಏರ್‌ಪೋರ್ಟಿಗೆ ಫೋನ್ ಮಾಡಿದಳು. ಅವರು ಇವರನ್ನು ಕೇಳು ಎಂದರು, ಇವರು ಅವರನ್ನು ಕೇಳು ಎಂದರು. ಸಿಗಲಿಲ್ಲ.

“ನಮ್ಮಿಬ್ಬರನ್ನ ಊರಿಗೆ ಕಳಿಸಿಬಿಡು. ಅಯ್ಯನವರ ಕೈಲೆ ಹೊಸದು ಕಟ್ಟಿಸ್ಕೊಂತೀನಿ. ಅಲ್ಲಿಗಂಟ ಉಣ್ಣಾಕ ಬರೂದಿಲ್ಲ” ಎಂದರು ನಮ್ಮ ಮನೆಯವರು ಮಗನಿಗೆ.

“ಗ್ರೂಪ್ ಟಿಕೆಟ್ ಅಪ್ಪಾ, ನಡುವ ಹೊಂಟರ ಆಗೂದಿಲ್ಲ. ಅಯ್ಯನವರಿಗೆ ಫೋನ್ ಹಚ್ಚಿ ಕೇಳಿದ್ರ ನಡೀತೈತಿಲ್ಲ?”

“ಫೋನಿನ್ಯಾಗ ಲಿಂಗ ಕೊಡಾಕ ಬರ್ತೈತೇನಲೇ?”

ಬೀಗರು ನಕ್ಕರು. “ಬೀಗರ, ನಾವು ಬಂದಿದ್ದು ಮಜಾ ಮಾಡಾಕ. ಮಠಕ್ಕ ಬಂದಿಲ್ಲ. ನೀವು ಹಿಂಗ ಕುಂತ್ರ ಹೆಂಗ?” ಮಗನೂ ನಕ್ಕ. ಅಯ್ಯನವರಿಗೆ ಫೋನ್ ಅವನು ಹಚ್ಚಲೇ ಇಲ್ಲ. ಕಂಪ್ಲಿಯಲ್ಲಿ ಗೊತ್ತಾದರೆ, ಗಿರಣಿ ಸಾಹುಕಾರ ಮೋಜಿಗೆ ಹೋಗಿ ಲಿಂಗ ಕಳೆದುಕೊಂಡ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬ ಚಿಂತೆ ಅವನಿಗೆ. ಸೊಸೆಗೆ ಬುದ್ಧಿ ಚುರುಕು. “ಅತ್ತೀ, ನಿಮ್ಮದು ಕೊಡ್ರಿ ಮಾವಾರಿಗೆ. ಅದೂ ಲಿಂಗನ ಅಲ್ಲೇನ್ರಿ?” ಎಂದಳು. ಒಬ್ಬರ ಲಿಂಗ ಇನ್ನೊಬ್ಬರ ಅಂಗೈಗೆ ಬರುವುದಿಲ್ಲ ಎಂಬುದು ಗೊತ್ತಿಲ್ಲದೆ ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದಾಳೆ. ಬೈಯಬೇಕಿತ್ತು, ಹೊರದೇಶ ಎಂದು ಬಿಟ್ಟೆ.

ಹೀಗೆ ಉಪವಾಸ ಶುರುವಾಯಿತು. ಬಿ.ಪಿ. ಗುಳಿಗೆ ನುಂಗಲು ಮಾತ್ರ ಎರಡು ಗುಟುಕು ನೀರು, ಅದೂ ನಾನು ಕಾಲು ಹಿಡಿದ ಮೇಲೆ. ನನಗೂ ಅಷ್ಟೇ ನೀರು.

ಪ್ರವಾಸ ಅವರಿಗಾಗಿ ನಿಲ್ಲಲಿಲ್ಲ. ಮರುದಿನ ಕಾಡಿನ ನಡುವೆ ಇರುವ ಹಾಳು ಗುಡಿಗಳನ್ನು ನೋಡಲು ಕರೆದೊಯ್ದರು. ಹಂಪಿ ಪಕ್ಕದವರಿಗೆ ಹಾಳುಗುಡಿ ತೋರಿಸಲು ಇಷ್ಟು ದೂರ! ಇಟ್ಟಿಗೆಯ ಗೋಪುರಗಳು, ಬಾಗಿಲ ಮುಂದೆ ಮುರಿದ ಪಾಣಿಪೀಠ, ಅದರ ಮೇಲೆ ಕಲ್ಲಿನ ಶಿವಲಿಂಗ. ಯಾವ ಕಾಲದಲ್ಲೋ ನಮ್ಮ ಶಿವನನ್ನು ಇಲ್ಲಿಗೆ ಯಾರೋ ತಂದು, ಆಮೇಲೆ ಬಿಟ್ಟುಹೋಗಿದ್ದಾರೆ. ಬೀಗರು ಅದರ ಪಕ್ಕ ನಿಂತು, “ಇಲ್ಲಿ ಸಿಕ್ತಲ್ರಿ ಬೀಗರ! ನಿಮ್ಮದಕ್ಕಿಂತ ದೊಡ್ಡದು. ಎತ್ತಿ ಕೊಳ್ಳಾಗ ಹಾಕ್ಕೊಳ್ರಿ” ಎಂದರು. ವೀರೇಶ ಫೋಟೋ ತೆಗೆಯುತ್ತಿದ್ದವನು ನಗು ತಡೆಯಲಾರದೆ ಫೋನು ಅಲ್ಲಾಡಿಸಿದ.

ನಮ್ಮ ಮನೆಯವರು ದೂರ ನಿಂತೇ ಕೈಮುಗಿದು, “ಅದು ನನ್ನದಲ್ಲ” ಎಂದರು. ಬಿಸಿಲಿಗೆ ತೂರಾಡಿದರು. ನಾನು ಹಿಡಿದುಕೊಂಡೆ. ನನಗೂ ಕಣ್ಣು ಕತ್ತಲಿಟ್ಟಿತ್ತು, ಇಬ್ಬರೂ ಒಬ್ಬರಿಗೊಬ್ಬರು ಆತು ನಿಂತೆವು. ಮಗ ಅದರ ಫೋಟೋವನ್ನೂ ತೆಗೆದ. ಅಪ್ಪ ಅವ್ವ ಜೋಡಿ ಚಂದ ಬಂದಿದೆ ಎಂದು ಎಲ್ಲರಿಗೂ ಕಳಿಸಿದನಂತೆ.

ನಾನು ಉಣ್ಣುತ್ತಿಲ್ಲ ಎಂಬುದನ್ನು ಗಮನಿಸಿದ್ದು ಒಬ್ಬಳೇ, ಲಾನ್. ಗುಡಿಯ ಹೊರಗಿನ ಅಂಗಡಿಯಿಂದ ಗಾಜಿನ ಲೋಟದಲ್ಲಿ ಮಜ್ಜಿಗೆಹುಲ್ಲಿನ ಚಹಾ ತಂದು ನನ್ನ ಕೈಗೆ ಕೊಟ್ಟಳು. ತನ್ನ ಹೊಟ್ಟೆ ಮುಟ್ಟಿ, ನನ್ನ ಹೊಟ್ಟೆ ತೋರಿಸಿ, “ಮಾ, ನೋ ಈಟ್. ನೋ ಗುಡ್” ಎಂದಳು. ಹೆತ್ತ ಮಗ ಕಾಣದ್ದು ಅವಳಿಗೆ ಕಂಡಿತು. ಮೂಗಿನ ಹತ್ತಿರ ಹಿಡಿದು, ಆ ಬಿಸಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ವಾಪಸು ಕೊಟ್ಟೆ. ವಾಸನೆ ಹಿಡಿಸಲಿಲ್ಲ ಅಂದುಕೊಂಡಳೋ ಏನೋ, ಹುಡುಗಿ ಸಣ್ಣ ಮುಖ ಮಾಡಿದಳು. ಅಲ್ಲೇ ಕೂತು ಅಳಬೇಕೆನಿಸಿತು.

ಮೂರನೇ ದಿನ ಅವರು ಹಾಸಿಗೆಯಿಂದ ಏಳಲಿಲ್ಲ. ನಮ್ಮಿಬ್ಬರನ್ನು ಹೋಟೆಲಿನಲ್ಲಿ ಬಿಟ್ಟು ಉಳಿದವರು ಊರು ನೋಡಲು ಹೋದರು. ಕಲ್ಲು ಕೆತ್ತುವವರ ಬೀದಿ ಇದೆ, ಅಲ್ಲಿಗೆ ಹೋಗುತ್ತೇವೆ ಎಂದಿದ್ದಳು ಸುಮಾ. ಸಂಜೆ ಬಾಗಿಲು ಬಡಿದ ಸದ್ದಿಗೆ ಎದ್ದು ಹೋಗಿ ತೆಗೆದರೆ ಮೂವರೂ ನಿಂತಿದ್ದರು.

“ಸಿಕ್ತವಾ!” ಎಂದ ವೀರೇಶ. “ಏರ್‌ಪೋರ್ಟಿನೋರು ಹುಡುಕಿ ಕಳಿಸ್ಯಾರ. ಬೆಳ್ಳಿ ಕರಡಿಗಿ ಯಾರೋ ಹಾರಿಸ್ಯಾರಂತ. ಲಿಂಗ ಮಾತ್ರ ಸಿಕ್ತು.”

ಕರವಸ್ತ್ರ ಬಿಚ್ಚಿ, ಕರ್ರಗೆ ಮಿಂಚುವ ಲಿಂಗವನ್ನು ಅಪ್ಪನ ಅಂಗೈಗೆ ಇಟ್ಟ. ನಮ್ಮ ಮನೆಯವರು ಮಲಗಿದಲ್ಲಿಂದ ಎದ್ದು ಕೂತರು. ಲಿಂಗವನ್ನು ನೋಡಿದರು. ಹೆಬ್ಬೆರಳಿಂದ ನೆತ್ತಿ ಸವರಿದರು. ಮಗನನ್ನು ನೋಡಿದರು, ಬೀಗರನ್ನು ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಎದ್ದು ಸ್ನಾನಕ್ಕೆ ಹೋದರು. ಪೂಜೆ ಮಾಡಿ, ಅದೇ ಕರವಸ್ತ್ರದಲ್ಲಿ ಲಿಂಗ ಕಟ್ಟಿ ಕೊರಳಿಗೆ ಹಾಕಿಕೊಂಡು, ನನ್ನ ಕೈಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ನಾನು ಬಚ್ಚಲಲ್ಲಿ ನಿಂತು ಅತ್ತೆ. ಮಗನ ಮೇಲಿದ್ದ ಸಿಟ್ಟೆಲ್ಲ ಇಳಿದು, ಸೊಸೆಯ ತಲೆ ಸವರಿ, ಅವರ ಎಂಜಲು ತಾಟಿನಲ್ಲೇ ನಾಲ್ಕು ರೊಟ್ಟಿ ತಿಂದೆ. ಅಂಥ ರುಚಿಯ ರೊಟ್ಟಿ ಜನ್ಮದಲ್ಲಿ ತಿಂದಿಲ್ಲ ಎಂದು ಆಗ ಅನಿಸಿತ್ತು.

ಮುಂದೆ ಹುವೇ ನೋಡಿದೆವು. ರಾಜರ ಕೋಟೆ, ಅಗಲವಾದ ಹೊಳೆ. ನ್ಯಾ ತ್ರಾಂಗ್ ನೋಡಿದೆವು. ಸಮುದ್ರದಲ್ಲಿ ನಿಂತು ಬೀಗರು ಚಡ್ಡಿಯಲ್ಲಿ ಫೋಟೋ ತೆಗೆಸಿಕೊಂಡರು, ನೋಡಬಾರದಿತ್ತು. ನಮ್ಮ ಮನೆಯವರು ಎಲ್ಲ ಕಡೆಗೂ ಬಂದರು, ನಿಲ್ಲು ಅಂದಲ್ಲಿ ನಿಂತರು. ಆದರೆ ಗದ್ದೆಗಳ ಬಗ್ಗೆ ಕೇಳುವುದನ್ನು ಬಿಟ್ಟಿದ್ದರು. ಅರ್ಧ ತಾಸಿನ ಪೂಜೆ ಎರಡು ನಿಮಿಷಕ್ಕೆ ಇಳಿದಿತ್ತು. ಕಣ್ಣು ಮುಚ್ಚುತ್ತಿರಲಿಲ್ಲ. ಕಲ್ಲು ಹೊರಲಾರದವರಂತೆ ಕೈ ಬೇಗ ಕೆಳಗಿಳಿಯುತ್ತಿತ್ತು. ದಣಿದಿದ್ದಾರೆ ಅಂದುಕೊಂಡೆ.

ಕೊನೆಯ ಊರು ಸೈಗಾನ್. ನಮ್ಮ ಹೊಸಪೇಟೆಯ ಏಪ್ರಿಲ್ಲನ್ನು ಉಗಿಯಲ್ಲಿ ಬೇಯಿಸಿದಂಥ ಸೆಕೆ. ಅಲ್ಲಿ ಒಂದು ಇಂಡಿಯನ್ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಬೀಗರು ಬಿಯರು ತರಿಸಿದರು. ಒಂದಾಯಿತು, ಇನ್ನೊಂದಾಯಿತು. ವೀರೇಶ, “ಮಾವ, ಸಾಕ್ರಿ” ಎಂದ. ಅವರು ಅಳಿಯನ ಕೈ ಸರಿಸಿ ನಮ್ಮ ಮನೆಯವರ ಕಡೆ ವಾಲಿದರು.

“ಬೀಗರ, ಒಂದು ಗಮ್ಮತ್ತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ದೇವರನ್ನ ಆರಿಸಿದವ ನಾನ! ಆ ಕಲ್ಲಿನ ಅಂಗಡ್ಯಾಗ ಬುಟ್ಟಿಗಟ್ಲೆ ಇದ್ವು. ಬಿಳೇದು, ಹಸರದು, ಕರೇದು. ಕರೇದು ತಗೋಳಲೇ ಅಂದೆ ನಿಮ್ಮ ಮಗಗ. ಹೆಂಗ? ಪೂಜಿಗೆ ಚಲೋ ಐತಿಲ್ಲ?”

ಸುಮಾ ನಕ್ಕುಬಿಟ್ಟು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ನನ್ನ ಕೈಯೊಳಗಿನ ತುತ್ತು ತಾಟಿಗೆ ಬಿತ್ತು. ಇಷ್ಟು ದಿನ ಅವರ ಎದೆ ಮೇಲೆ ತೂಗಿದ್ದು, ಮೇಜಿನ ಮೇಲೆ ಇಡುವ ಆಟಿಕೆ ಕಲ್ಲು. ಅದಕ್ಕೆ ನಾನೂ ನಿತ್ಯ ಹೂವು ಹುಡುಕಿ ತಂದುಕೊಟ್ಟಿದ್ದೆ.

ನಮ್ಮ ಮನೆಯವರು ಅಗಿಯುತ್ತಿದ್ದುದನ್ನು ನುಂಗಿದರು. “ಗೊತ್ತೈತ್ರಿ” ಎಂದರು. “ಕೈಯಾಗ ಇಟ್ಟಾಗ್ಲೇ ಗೊತ್ತಾತು.”

ಬೀಗರ ಮುಖ ನೋಡಬೇಕಿತ್ತು. ಬಿಯರಿನ ಲೋಟ ಕೆಳಗಿಟ್ಟರು. ವೀರೇಶ ತಲೆ ತಗ್ಗಿಸಿ, “ನಿನ್ನ ಜೀವ ಉಳಸಾಕ ಮಾಡೀನಪ್ಪಾ” ಎಂದ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

“ಉಳೀತಲ್ಲ. ಉಣ್ಣು” ಎಂದರು ಇವರು.

ಆ ಮೇಜಿನ ಸುತ್ತ ಮತ್ತೆ ಯಾರೂ ನಗಲಿಲ್ಲ. ನನಗೆ ಮಾತ್ರ ಒಳಗೊಳಗೇ ಬೇರೆಯೇ ಆಗುತ್ತಿತ್ತು. ಗೊತ್ತಿತ್ತು! ಗೊತ್ತಿದ್ದೂ ಉಂಡರು! ಲಿಂಗವಿಲ್ಲದೆ ತುತ್ತು ನುಂಗುವುದು ಅವರಿಗೆ ವಿಷ ನುಂಗಿದ ಹಾಗೆ. ಅದನ್ನು ನುಂಗಿದ್ದಾರೆ. ಯಾಕೆ? ಅವತ್ತು ಅಂಗೈಯಲ್ಲಿ ಕಲ್ಲು ಹಿಡಿದು ಕೊನೆಗೆ ನನ್ನ ಕಡೆ ನೋಡಿದರಲ್ಲ! ಇವರು ಉಣ್ಣದಿದ್ದರೆ ನಾನು ಉಣ್ಣುವವಳಲ್ಲ, ಇವರ ಹಿಂದೆ ನಾನೂ ಸಾಯುತ್ತೇನೆ ಎಂದು ಕಂಡುಕೊಂಡೇ ತಮ್ಮ ನೇಮವನ್ನು ಕೊಂದುಕೊಂಡಿದ್ದಾರೆ. ಒಂದು ಸೀರೆಯನ್ನು ಚಂದ ಎಂದವರಲ್ಲ, ಒಂದು ಅಡುಗೆಯನ್ನು ರುಚಿ ಎಂದವರಲ್ಲ. ಎಲ್ಲವನ್ನೂ ಸೇರಿಸಿ ಒಂದೇ ಸಲ ಕೊಟ್ಟುಬಿಟ್ಟರು ಅನಿಸಿತು.

ಸೈಗಾನಿನಲ್ಲಿ ಉಳಿದ ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಪೋಸ್ಟಾಫೀಸು ನೋಡಿದೆ, ಮಾರ್ಕೆಟ್ಟು ನೋಡಿದೆ, ಎಲ್ಲವೂ ಚಂದ ಕಂಡವು. ಸೊಸೆಯನ್ನು ಒಂದು ಮಾತೂ ಬೈಯಲಿಲ್ಲ. ಗಂಡ ನನಗಾಗಿ ಇಷ್ಟು ಮಾಡಿದ್ದಾನೆ, ನಿನಗಾಗಿ ನಿನ್ನ ಗಂಡ ಏನು ಮಾಡಿದ್ದಾನೆ ತೋರಿಸು ಎಂಬ ಸೊಕ್ಕು. ರಸ್ತೆ ದಾಟುವಾಗ ಸ್ಕೂಟರುಗಳ ಪ್ರವಾಹದ ನಡುವೆ ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಹೆಂಗಸಿಗೆ ಅಷ್ಟು ನಾಚಿಕೆ ಎಲ್ಲಿಂದ ಬಂತೋ ತಿಳಿಯದು.

ಕಂಪ್ಲಿಗೆ ಬಂದ ಮರುದಿನವೇ ಮಠಕ್ಕೆ ಹೋದರು. ಅಯ್ಯನವರು ಬೈಯಲಿಲ್ಲ. ಹೊಸ ಲಿಂಗ ಕಟ್ಟಿ, “ಆ ಕಲ್ಲನ್ನ ಹೊಳಿಗೆ ಬಿಟ್ಟುಬಿಡ್ರಿ” ಎಂದರಂತೆ. ಸಂಜೆ ಇಬ್ಬರೂ ಕೋಟೆ ಕಡೆಯಿಂದ ಹೊಳೆಗೆ ಇಳಿದೆವು. ಆ ಬೇಸಿಗೆಯಲ್ಲಿ ತುಂಗಭದ್ರೆ ಎಲ್ಲಿದ್ದಳು? ಬರೀ ಬಂಡೆ, ಉಸುಕು, ನಡುನಡುವೆ ಪಾಚಿಗಟ್ಟಿದ ಗುಂಡಿಗಳು. ಕಲ್ಲು ಮುಳುಗುವಷ್ಟು ನೀರು ಹುಡುಕಿಕೊಂಡು ಬಹಳ ದೂರ ನಡೆಯಬೇಕಾಯಿತು. ಕರವಸ್ತ್ರದ ಗಂಟು ನನ್ನ ಕೈಯಲ್ಲಿತ್ತು. ಅವರ ಬಾಯಿಂದಲೇ ಒಮ್ಮೆ ಕೇಳಬೇಕು ಎಂಬ ಆಸೆ ತಡೆಯಲಾಗಲಿಲ್ಲ. ತಿಳಿದೂ ಕೇಳುವ ಸುಖ.

“ಒಂದು ಮಾತು ಕೇಳ್ಲೇನ್ರಿ?”

“ಹೂಂ.”

“ಗೊತ್ತಿದ್ದೂ ಅವತ್ತು ಯಾಕ ಉಂಡ್ರಿ?”

“ಮತ್ತೇನ್ ಮಾಡ್ಬೇಕಿತ್ತು? ಬೀಗರು ಎದುರಿಗೆ ನಿಂತಿದ್ರು. ಇದು ಸುಳ್ಳು ಅಂದಿದ್ರ ಮಗನ ಮಾನ ಏನಾಗತಿತ್ತು?”

ಬಂಡೆಯ ಮೇಲೆ ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತೆ.

“ಅಷ್ಟ ಏನ್ರಿ?”

“ಅಷ್ಟ.”

“ನನ್ನ ಸಲುವಾಗಿ ಉಂಡ್ರಿ ಅಂದ್ಕಂಡಿದ್ದೆ.”

“ನಿನ್ನ ಸಲುವಾಗಿ?” ತಿರುಗಿ ನೋಡಿದರು. ಅಣಕವಿಲ್ಲ, ಸಿಟ್ಟಿಲ್ಲ, ನಿಜವಾಗಿಯೂ ತಿಳಿಯದವರ ಮುಖ. “ನಿನಗೇನಾಗಿತ್ತು?”

“ಆ ಮೂರು ದಿನ ನಾನೂ ಉಂಡಿರಲಿಲ್ಲ.”

“ಹೌದೇನು?” ಎಂದರು. “ಯಾಕ?”

ನಲವತ್ತು ವರ್ಷಕ್ಕೂ ಮೇಲೆ ಅವರ ತಾಟು ತೆಗೆದ ಮೇಲೆಯೇ ನನ್ನ ತಾಟು ಹಾಕಿಕೊಂಡವಳು ನಾನು. ಗಂಟು ಬಿಚ್ಚಿ, ಕಲ್ಲನ್ನು ಒಂದು ಹಸಿರು ಗುಂಡಿಗೆ ಹಾಕಿದೆ. ಮೆಲ್ಲಗೆ ಬಿಡಬೇಕು, ಹಂಗ ಒಗೀಬಾರದು ಎಂದು ಅವರು ಬುದ್ಧಿ ಹೇಳಿದರು.

ಮರುದಿನ ಬೆಳಿಗ್ಗೆ ಅವರು ಹೊಸ ಲಿಂಗ ಹಿಡಿದು, ಕಣ್ಣು ಮುಚ್ಚಿ, ಎಂದಿನಂತೆ ಅರ್ಧ ತಾಸಿನ ಪೂಜೆಗೆ ಕೂತರು. ನಾನು ನನ್ನ ಲಿಂಗಕ್ಕೆ ನೀರೆರೆದು ಮುಗಿಸಿ, ಅಡುಗೆಮನೆಗೆ ಹೋಗಿ, ಹಂಚಿನಿಂದ ಇಳಿದ ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಕೂತು ತಿಂದೆ. ಎರಡನೆಯದನ್ನೂ ತಿಂದೆ. ಅಂದಿನಿಂದ ಇಂದಿನವರೆಗೂ ಅವರಿಗಿಂತ ಮೊದಲು ನನ್ನ ಊಟವಾಗುತ್ತದೆ. ಅವರಿಗೆ ಇನ್ನೂ ಗೊತ್ತಾಗಿಲ್ಲ.